ಹಲಗೆ ನೆಲದ ಕೆಳಗೆ

ಮಗಳು ಸತ್ತ ದಿನ ಅಳಿಯ ಅಳಲಿಲ್ಲ. ಬಡಗಿ ಅದನ್ನು ಮರೆಯಲೂ ಇಲ್ಲ, ಕ್ಷಮಿಸಲೂ ಇಲ್ಲ. ಅಳಿಯನ ಆ ಹಳೆಯ ಮನೆಯ ಮಲಗುವ ಕೋಣೆಯಲ್ಲಿ ಅವಳು ವರ್ಷಗಟ್ಟಲೆ ಕೆಮ್ಮಿದಳು. ಹಲಗೆಗಳ ಸಂದಿನಿಂದ ಬೂಷ್ಟಿನ ವಾಸನೆ ಬರುತ್ತಿದೆ, ನೆಲ ಕಿತ್ತು ನೋಡಿಸು ಎಂದು ಇವನು ಎಷ್ಟೋ ಸಲ ಹೇಳಿದ್ದ. "ಮಾಡಿಸೋಣ ಮಾವ" ಎಂದು ಅಳಿಯ ತಲೆಯಾಡಿಸುತ್ತಲೇ ಇದ್ದ. ಅಷ್ಟರಲ್ಲಿ ಅವಳ ಎದೆ ಸೋತಿತು. ಒಬ್ಬಳೇ ಮಗಳು. ಈಗಲೂ ಬೀದಿಯಲ್ಲಿ ಯಾವ ಹೆಂಗಸು ಕೆಮ್ಮಿದರೂ ಇವನು ತಿರುಗಿ ನೋಡುತ್ತಾನೆ. ಆಮೇಲೆ ಬಹಳ ಹೊತ್ತು ಕೈಗೆ ಕೆಲಸ ಹತ್ತುವುದಿಲ್ಲ.

ಅಂಥ ಅಳಿಯ ಈಗ ತಾನಾಗಿಯೇ ಬಂದ.

"ಆ ಕೋಣೆ ನೆಲ ನೀವೇ ಸರಿಮಾಡ್ಬೇಕು ಮಾವ. ಹೊಸ ಹಲಗೆ ಬೇಡ. ಅವಳು ಓಡಾಡಿದ್ದೇ ಇರಲಿ."

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ ಎನ್ನಬೇಕೆನಿಸಿತು. ಬಡಗಿ ನುಂಗಿಕೊಂಡು ಒಪ್ಪಿದ.

ಜೀವಮಾನವೆಲ್ಲ ಬೀರು, ಬಾಗಿಲು ಮಾಡಿದವನಿಗೆ ನೆಲದ ಕೆಲಸ ಇದೇ ಮೊದಲು. ಆದರೆ ಮರ ಮರವೇ. ಒಂದು ಹಲಗೆಯೂ ಸೀಳದ ಹಾಗೆ ಎಬ್ಬಿಸಿದ. ಕೆಳಗಿನ ತೊಲೆಗಳು ಕಪ್ಪಾಗಿ ಮೆತ್ತಗಾಗಿದ್ದವು, ಉಳಿ ಬೆಣ್ಣೆಗೆ ಇಳಿದಂತೆ ಇಳಿಯಿತು. ಕಾರಣ ಹುಡುಕಲು ಕಷ್ಟವಾಗಲಿಲ್ಲ. ಹೊರಗಿನ ಗಾಳಿ ನೆಲದಡಿ ಆಡಲೆಂದು ಗೋಡೆಯ ಬುಡದಲ್ಲಿ ಬಿಟ್ಟಿದ್ದ ಕಿಂಡಿಗಳಿಗೆಲ್ಲ ಯಾರೋ ಸಿಮೆಂಟು ಜಡಿದಿದ್ದರು. ಯಾರೋ ಏನು, ಮನೆಯ ಯಜಮಾನನೇ. ಚಳಿಗಾಳಿ ತಾಗಬಾರದೆಂದು ಮುಚ್ಚಿಸಿರಬೇಕು ಸುಖಪುರುಷ. ಬಡಗಿ ಆ ಹಸಿ ಮಣ್ಣಿನ ಮೇಲೆ ಕೂತು ಅತ್ತ. ಎದ್ದಾಗ ಯೋಜನೆ ಸಿದ್ಧವಾಗಿತ್ತು.

ಕಿಂಡಿಗಳನ್ನು ಮುಟ್ಟುವುದಿಲ್ಲ. ಬಾಗಿಲ ಬಳಿ ಮಾತ್ರ ಹೊಸ ತೊಲೆ, ಕಾಲಿಟ್ಟವರಿಗೆ ಗಟ್ಟಿ ಎನಿಸಲು. ಮಂಚದ ಅಡಿಯಲ್ಲಿ ಆ ಕೊಳೆತವೇ ಇರಲಿ. ಹಲಗೆಗಳ ಸಂದುಗಳನ್ನೆಲ್ಲ ಮರದ ಪಟ್ಟಿಯಿಂದ ಬಿಗಿಯುವುದು, ದಿಂಬಿನ ಕೆಳಗೆ ಮಾತ್ರ ಕೂದಲೆಳೆಯಷ್ಟು ಬಿಡುವುದು. ನೆಲದಡಿಯ ಬೂಷ್ಟು ಅಲ್ಲೇ ಉಸಿರಾಡಲಿ, ಅವನ ಮುಖಕ್ಕೇ. ಅವಳು ಹೋದಂತೆ ಅವನೂ ನಿಧಾನವಾಗಿ ಹೋಗುತ್ತಾನೆ. ಹೆಂಡತಿಗೆ ಬಂದದ್ದೇ ಗಂಡನಿಗೂ ಬಂತು ಎನ್ನುತ್ತಾರೆ ಡಾಕ್ಟರು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಕೆಲಸ ಸೊಗಸಾಗಿ ಬಂತು. ಹಲಗೆಗಳ ಮಸಿ ಕೀಸಿ, ಎಣ್ಣೆ ತಿನ್ನಿಸಿ, ಇದ್ದ ಜಾಗದಲ್ಲೇ ಕೂರಿಸಿದ. ಮೇಲೆ ಥಳಕು, ಒಳಗೆ ಹುಳುಕು. ಕಿಟಕಿಯ ಬಳಿಯ ಹಲಗೆಯಲ್ಲಿ ಅವಳ ಕುರ್ಚಿ ಎಳೆದೆಳೆದು ಬಿದ್ದ ಗೀರುಗಳಿದ್ದವು. ಅದೊಂದನ್ನು ಕೀಸಲು ಅವನಿಂದಾಗಲಿಲ್ಲ.

ಅಳಿಯ ಬರಿಗಾಲಲ್ಲಿ ಒಳಗೆ ಬಂದ. ಆ ಗೀರುಗಳನ್ನು ಕಂಡು ಕುಸಿದು ಕೂತು ಮಗುವಿನ ಹಾಗೆ ಅತ್ತ. ಬಡಗಿ ಮುಖ ತಿರುಗಿಸಿದ. ಆಮೇಲೆ ಅಳಿಯ ಎದ್ದು ಹಿತ್ತಲಿಗೆ ಹೋದ, ಗೋಡೆಯ ಬುಡ ನೋಡಿ ಮಂಡಿಗೆ ಮಣ್ಣು ಮೆತ್ತಿಕೊಂಡು ಬಂದ. 

"ಇದನ್ನ ಬಾಯಿ ಬಿಡಲ್ಲ ಅಂತ ಅವಳಿಗೆ ಮಾತು ಕೊಟ್ಟಿದ್ದೆ ಮಾವ," ಎಂದ. "ನೆಲ ಅಪ್ಪನ ಕೈಲೇ ಮಾಡ್ಸಿ, ಕಿಂಡಿ ಕಂಡ ತಕ್ಷಣ ಅವರೇ ತೆಗೀತಾರೆ, ನೀವೇನೂ ಹೇಳ್ಬೇಡಿ ಅಂದಿದ್ಲು. ನೀವು ತೆಗೀಲಿಲ್ಲ. ಹಂಗೇ ಬಿಟ್ರೆ ಅವಳ ನೆಲ ಮತ್ತೆ ಕೊಳೆಯುತ್ತೆ, ಅದಕ್ಕೇ ಹೇಳ್ತಿದೀನಿ. ನಮ್ಮ ಮದುವೆ ಆದ ವರ್ಷ ಇಲಿ ಬರ್ತವೆ ಅಂತ ಅವಳು ಹೆದರ್ಕೊಂಡಿದ್ಲಲ್ಲ, ನೀವೇ ಬಂದು ಹಿತ್ತಲಿಂದ ತೂತಿಗೆಲ್ಲ ಸಿಮೆಂಟು ಹಾಕಿ ಮುಚ್ಚಿದ್ರಿ. ಜಾಲರಿ ಕಿತ್ತುಹೋಗಿ ಇಲಿ ತೂತಿನ ಹಾಗೇ ಕಾಣ್ತಿತ್ತು, ನಿಮ್ಮ ತಪ್ಪೇನಿಲ್ಲ. ಅದು ಗಾಳಿಕಿಂಡಿ ಅಂತ ಗಾರೆಯವನು ಹೇಳೋ ಹೊತ್ತಿಗೆ ಅವಳು ಆಸ್ಪತ್ರೇಲಿದ್ಲು. ಅಪ್ಪಂಗೆ ಗೊತ್ತಾದ್ರೆ ಬದುಕಲ್ಲ, ಬೈದ್ರೆ ನಿಮ್ಮನ್ನೇ ಬೈಕೊಳ್ಳಲಿ ಬಿಡಿ, ಅಂದ್ಲು."