ಗಿಡ್ಡ ಕತ್ತರಿಯ ಸಾಲು

“ಇದನ್ನ ಕಟ್ಟೋದು ಅಂತಾರಾ? ಬಳ್ಳಿಗೆ ನೇಣು ಹಾಕಿದ ಹಾಗಿದೆ!”

ದ್ರಾಕ್ಷಿ ಬಳ್ಳಿಯ ಸಾಲಿನ ತುದಿಯಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು ಡೆಲ್ಫೀನಾ. ಜನವರಿಯ ಚಳಿ ಮೂಗು ಕೊರೆಯುತ್ತಿತ್ತು. ಅವಳ ಮಾತು ಅದಕ್ಕಿಂತ ಹೆಚ್ಚು ಕೊರೆಯಿತು.

ಬಳ್ಳಿಯ ಬುಡದಲ್ಲಿ ಮಂಡಿಯೂರಿದ್ದವನ ಕೈಯಲ್ಲಿ ಇನ್ನೊಂದು ವಿಲೋ ಕಡ್ಡಿ ಪಟಕ್ಕನೆ ಮುರಿಯಿತು. ಬಳ್ಳಿಯನ್ನು ಕಂಬಕ್ಕೆ ಕಟ್ಟಲು ನಮ್ಮ ಗುಡ್ಡದಲ್ಲಿ ವಿಲೋ ಮರದ ಹಸಿ ಕಡ್ಡಿಯೇ ಆಗಬೇಕು. ಸುತ್ತಿ, ತಿರುಚಿ, ತುದಿಯನ್ನು ಒಳಕ್ಕೆ ತೂರಿಸಬೇಕು. ಹಾಲುಹಲ್ಲು ಉದುರುವ ಮೊದಲೇ ನಮ್ಮ ಮಕ್ಕಳು ಅದನ್ನು ಕಲಿತಿರುತ್ತವೆ.

“ಹೆಸರೇನು?”

“ಕೊಸಿಮೊ.”

“ಯಾವೂರು?”

“ಪುಲಿಯಾ. ಕೆಳಗೆ, ದಕ್ಷಿಣದಲ್ಲಿ, ಸಮುದ್ರದ ಹತ್ರ.”

“ಹಾಗೆ ಹೇಳು! ಕೆಳಸೀಮೆಯೋನು!” ಅವಳು ನಕ್ಕಳು. “ನಿಮ್ಮ ಕಡೆ ದ್ರಾಕ್ಷಿ ಬೆಳೀತಾರಾ, ಇಲ್ಲ ಸುಮ್ನೆ ನೆಲದಲ್ಲಿ ಬಿಸಾಕ್ತಾರಾ?”

ಅವನು ನಿಧಾನವಾಗಿ ಎದ್ದು ನಿಂತ. ಕಪ್ಪು ಕಣ್ಣು, ಬಿಸಿಲುಂಡ ಮುಖ. ಕಣ್ಣಲ್ಲಿ ಒಂಚೂರೂ ಭಯವಿಲ್ಲ!

“ನಮ್ಮ ಪ್ರಿಮಿತಿವೊ ದ್ರಾಕ್ಷಿ ಆಗಸ್ಟ್‌ನಲ್ಲೇ ಹಣ್ಣಾಗುತ್ತೆ ಮೇಡಮ್. ಕೊಯ್ಲು ಮುಗಿದ ಮೇಲೆ ಪಕ್ಕದ ಚಿಗುರಲ್ಲಿ ಇನ್ನೊಂದು ಸಲನೂ ಬಿಡುತ್ತೆ. ನಿಮ್ಮ ನೆಬ್ಬಿಯೋಲೊ ಎಲ್ಲರಿಗಿಂತ ಮೊದಲು ಚಿಗುರಿ, ಎಲ್ಲರಿಗಿಂತ ಕೊನೆಗೆ ಹಣ್ಣಾಗುತ್ತಂತೆ. ಇಷ್ಟೊಂದು ನಖರಾ ಯಾಕೆ ಅದಕ್ಕೆ?”

“ನಖರಾನಾ!”

‘ಎಷ್ಟು ಕೊಬ್ಬು ಇವನಿಗೆ...’ ಎಂದುಕೊಂಡಳು ಡೆಲ್ಫೀನಾ. ಕಿವಿ ಬಿಸಿಯಾಗಿತ್ತು. ಅದು ಕೋಪಕ್ಕೆ ಎಂದೇ ಅವಳು ನಂಬಿಕೊಂಡಳು. ಪಾಪ!

ನಮ್ಮ ಲಾಂಗೆ ಗುಡ್ಡಗಳ ಜನರ ಜಂಬವನ್ನು ನಾನೇನು ಹೇಳಲಿ! ಹಿಮ ಎಲ್ಲಿ ಮೊದಲು ಕರಗುತ್ತದೋ ಆ ದಕ್ಷಿಣದ ಇಳಿಜಾರು ನೆಬ್ಬಿಯೋಲೊಗೆ. ಅದರ ಕೆಳಗಿನದು ಬಾರ್ಬೆರಾಗೆ. ಬಿಸಿಲು ಸರಿಯಾಗಿ ಬೀಳದ ಮೂಲೆ ದೊಲ್ಚೆತ್ತೊಗೆ. ಬಳ್ಳಿಗಳ ಈ ಜಾತಿಪದ್ಧತಿ ಮನುಷ್ಯರಿಗೂ ಅಂಟಿಕೊಂಡಿದೆ. ನೆಬ್ಬಿಯೋಲೊ ಇದ್ದವರು ಬಾರ್ಬೆರಾದವರ ಮನೆಯಲ್ಲಿ ಕಾಫಿ ಕುಡಿದರೆ ದೊಡ್ಡ ಉಪಕಾರ ಮಾಡಿದಂತೆ. ಇನ್ನು ಟುರಿನ್‌ನ ಕಾರಿನ ಕಾರ್ಖಾನೆಗೆಂದು ಬಂದು, ಹೊಗೆ ತಡೆಯಲಾರದೆ ಗುಡ್ಡ ಹತ್ತಿದ ಕೆಳಸೀಮೆಯವನನ್ನು ಯಾರು ಲೆಕ್ಕಕ್ಕಿಡುತ್ತಾರೆ? ನಾಯಿಗಾದರೂ ಒಂದು ಹೆಸರಿಟ್ಟು ಕರೆಯುತ್ತಾರೆ.

ಅಂಥವನನ್ನು ಕೆಲಸಕ್ಕೆ ಇಟ್ಟುಕೊಂಡಿದ್ದು ಡೆಲ್ಫೀನಾಳ ಅಪ್ಪ ಸೆಕೊಂಡೊ. ಚಾಟ್ನಿ ಮಾಡುವುದರಲ್ಲಿ, ಅಂದರೆ ಚಳಿಗಾಲದಲ್ಲಿ ಬಳ್ಳಿ ಸವರುವುದರಲ್ಲಿ, ಸುತ್ತಲ ಊರಿಗೆಲ್ಲ ಸೆಕೊಂಡೊನದೇ ಎತ್ತಿದ ಕೈ. ಕತ್ತರಿ ಹಿಡಿದು ನಿಂತರೆ ಪಾದ್ರಿಯೂ ದಾರಿಯಲ್ಲಿ ನಿಂತು ನೋಡುತ್ತಿದ್ದ. ಆ ಮುದುಕ ಮೊದಲ ದಿನವೇ ಕೊಸಿಮೊನನ್ನು ಊಟದ ಮೇಜಿಗೆ ಕರೆದ.

“ಅಲ್ಲಿ ಕೊಟ್ಟಿಗೇಲಿ ಯಾಕೆ ತಿಂತೀಯೋ? ಇಲ್ಲಿ ಕುರ್ಚಿ ಇಲ್ವಾ?”

ಸೆಕೊಂಡೊನ ತಂಗಿ ಪಲ್ಮೀರಾ ಪೊಲೆಂಟಾ ಎಂಬ ಮೆಕ್ಕೆಜೋಳದ ಗಂಜಿ ತಿರುವುತ್ತಿದ್ದ ಕೋಲನ್ನು ಪಾತ್ರೆಗೆ ಕುಕ್ಕಿದಳು. ಡೆಲ್ಫೀನಾ ತಟ್ಟೆಯಿಂದ ತಲೆಯೆತ್ತಲಿಲ್ಲ. ಕೊಸಿಮೊ ಮಾತ್ರ ಆ ಕುರ್ಚಿಯನ್ನು ಮರೆಯಲಿಲ್ಲ.

ಡೆಲ್ಫೀನಾಳೇ ಅವನಿಗೆ ಕೆಲಸ ಕಲಿಸಬೇಕಾಯಿತು.

“ಕೇಳಿಸ್ಕೋ. ಬಾರ್ಬೆರಾ ಉದಾರಿ. ಗಿಡ್ಡ ಕತ್ತರಿಸಿದ್ರೂ ಬುಡದ ಚಿಗುರುಗಣ್ಣಿಂದ ಗೊಂಚಲು ಬಿಡುತ್ತೆ. ನೆಬ್ಬಿಯೋಲೊಗೆ ಬುಡದ ಕಣ್ಣೆಲ್ಲ ಕುರುಡು. ಗಿಡ್ಡ ಕತ್ತರಿಸಿದ್ಯೋ, ಬರೀ ಎಲೆ ಬರುತ್ತೆ. ಒಂದು ಉದ್ದ ಕಡ್ಡಿ ಬಿಡಲೇಬೇಕು.”

“ನಮ್ಮ ಕಡೆ ಎಲ್ಲಾನೂ ಗಿಡ್ಡನೇ. ತಂತಿನೂ ಇಲ್ಲ, ಕಟ್ಟೋದೂ ಇಲ್ಲ. ಒಂದು ಸಾಲು ನಮ್ಮ ಥರ ಕತ್ತರಿಸಿ ತೋರಿಸ್ಲಾ?”

“ತೋರಿಸು! ಆಮೇಲೆ ನಿನ್ನ ಕೈನೂ ಗಿಡ್ಡ ಮಾಡ್ತೀನಿ!”

ಅವನು ಬಾಯ್ತುಂಬ ನಕ್ಕ. ಅವಳು ಮುಖ ತಿರುಗಿಸಿಕೊಂಡಳು... ತಾನೂ ನಗುತ್ತಿರುವುದು ಅವನಿಗೆ ಕಾಣಬಾರದಲ್ಲ!

ವಸಂತದಲ್ಲಿ ಇಬ್ಬರೂ ಹಿಮದ ಭಯಕ್ಕೆ ಚಿಗುರು ಕಾಯ್ದರು. ಬೇಸಿಗೆಯಲ್ಲಿ ಒಟ್ಟಿಗೆ ಎಲೆ ಬಿಡಿಸಿದರು. ಕೊಸಿಮೊ ಎಲ್ಲ ಕಲಿತ, ವಿಲೋ ಕಟ್ಟುವುದೊಂದನ್ನು ಬಿಟ್ಟು. ಅವನು ಕೈ ಹಾಕಿದ ಬಳ್ಳಿಗೆಲ್ಲ ಹಸಿರು ಪ್ಲಾಸ್ಟಿಕ್ ದಾರ. “ಥೂ, ಬಟ್ಟೆ ಒಣಗಿಸೋ ಹಗ್ಗ!” ಎಂದು ಅವಳು ದಿನವೂ ಹೀಯಾಳಿಸುವಳು. ಹೀಯಾಳಿಸಲೆಂದೇ ಅವನಿದ್ದ ಸಾಲು ಹುಡುಕಿಕೊಂಡು ಹೋಗುವಳು.

ಆ ವರ್ಷದ ಕೊಯ್ಲಿನ ಕೊನೆಯ ದಿನ, ಮಂಜು ಕವಿದ ತೋಟದಲ್ಲಿ, ಬುಟ್ಟಿ ಕೆಳಗಿಟ್ಟು ಅವನು ಕೇಳಿದ.

“ಡೆಲ್ಫೀನಾ... ಈ ಪ್ಲಾಸ್ಟಿಕ್ ದಾರದೋನನ್ನ ಮದುವೆ ಆಗ್ತೀಯಾ?”

“ಹುಚ್ಚನ ಥರ ಕೇಳ್ತೀಯಲ್ಲ!” ಎಂದಳು. ಬುಟ್ಟಿ ಎತ್ತಿ ಅವನ ಕೈಗಿತ್ತಳು. “...ಆಗ್ತೀನಿ. ಬರೋ ವರ್ಷದ ಕೊಯ್ಲು ಮುಗಿದ ಮೇಲೆ.”

ಬರುವ ವರ್ಷವೇ ಯಾಕೆಂದರೆ, ಸೆಕೊಂಡೊನ ಮನೆಯಲ್ಲೊಂದು ಪದ್ಧತಿಯಿತ್ತು. ಡೆಲ್ಫೀನಾ ಹುಟ್ಟಿದ ವರ್ಷ ಅವನು ಗುಡ್ಡದ ನೆತ್ತಿಯ ಹಳೇ ಬಳ್ಳಿ ಕಿತ್ತು ಒಂದು ಸಾಲು ನೆಬ್ಬಿಯೋಲೊ ನೆಟ್ಟಿದ್ದ. ಮಗಳ ಮದುವೆಯ ವರ್ಷ ಆ ಸಾಲಿನ ಹಣ್ಣನ್ನು ಬೇರೆಯಾಗಿ ಹಿಂಡಿ, ಒಂದು ಚಿಕ್ಕ ಪೀಪಾಯಿಗೆ ತುಂಬಬೇಕು. ಮೊದಲ ಮಗುವಿನ ನಾಮಕರಣಕ್ಕೆ ಅದನ್ನು ತೆರೆಯಬೇಕು. ಆ ಪೀಪಾಯಿಯ ಕನಸನ್ನು ಡೆಲ್ಫೀನಾ ಚಿಕ್ಕಂದಿನಿಂದ ಕಂಡಿದ್ದಳು.

ಮತ್ತೆ ಚಳಿಗಾಲ ಬಂತು. ಸೆಕೊಂಡೊನ ಮಂಡಿನೋವು ಜಾಸ್ತಿಯಾಯಿತು. “ನೆತ್ತಿಯ ಸಾಲು ಈ ಸಲ ನೀನೇ ಮಾಡಪ್ಪ ಅಳಿಯಾ” ಎಂದ. ಊರೆಲ್ಲ ಮೂಗು ಮುರಿಯಿತು. ಮುರಿಯದೆ ಇನ್ನೇನು ಮಾಡೀತು, ಮೂಗಿರುವುದೇ ಅದಕ್ಕಲ್ಲವೇ!

ಮಾರ್ಚ್‌ನ ಒಂದು ಬೆಳಗ್ಗೆ ಡೆಲ್ಫೀನಾ ಗುಡ್ಡದ ನೆತ್ತಿ ಹತ್ತಿದಳು.

ಹತ್ತಿದವಳು ನಿಂತಲ್ಲೇ ನಿಂತುಬಿಟ್ಟಳು!

ಇಡೀ ಸಾಲಿನಲ್ಲಿ ಒಂದೇ ಒಂದು ಉದ್ದ ಕಡ್ಡಿಯಿಲ್ಲ. ತಂತಿ ಬೋಳು ಬೋಳು. ಪ್ರತಿ ಬಳ್ಳಿಯ ಮೇಲೂ ಎರಡೆರಡು ಕಣ್ಣಿನ ಮೋಟು ತುಂಡುಗಳು. ಗಿಡ್ಡ ಕತ್ತರಿ!

ಅಲ್ಲೇ ಕಡ್ಡಿ ಆಯುತ್ತಿದ್ದ ಕೊಸಿಮೊ ಅವಳನ್ನು ಕಂಡು ಬಿಳುಚಿಕೊಂಡ.

“ಯಾರು ಮಾಡಿದ್ದು ಇದನ್ನ?”

ಅವನು ಆಯ್ದ ಕಡ್ಡಿಗಳನ್ನು ಕೆಳಗಿಟ್ಟ.

“ಕೊಸಿಮೊ! ಯಾರು ಅಂತ ಕೇಳಿದೆ!”

“...ನಾನೇ.”

“ಯಾಕೆ?”

“ನಮ್ಮ ಕಡೆ ಹೀಗೇ... ಮರೆತುಬಿಟ್ಟೆ.”

“ಮರೆತ್ಯಾ? ಒಂದು ವರ್ಷ ಬಾಯಿ ನೋಯೋವರೆಗೂ ಹೇಳಿಕೊಟ್ಟಿದ್ದು ಮರೆತ್ಯಾ? ಇಲ್ಲ, ತೋರಿಸ್ತೀನಿ ಅಂದಿದ್ಯಲ್ಲ, ತೋರಿಸಿದೆ! ನನ್ನ ಮದುವೆ ಸಾಲೇ ಬೇಕಿತ್ತಾ ನಿನ್ನ ತಮಾಷೆಗೆ?”

“ಡೆಲ್ಫೀನಾ, ಒಂದು ನಿಮಿಷ—”

“ಊರವರು ಹೇಳಿದ್ದೇ ಸರಿ. ನಾಯಿ ಬಾಲ ಯಾವತ್ತಿದ್ರೂ ಡೊಂಕೇ! ನನ್ನ ಕಣ್ಣೆದುರು ಇರಬೇಡ. ಹೋಗು!”

ಅವನು ಒಮ್ಮೆ ಅವಳ ಹಿಂದೆ, ದೂರದಲ್ಲಿ ಮನೆಯ ಜಗುಲಿಯ ಮೇಲೆ ಬಿಸಿಲು ಕಾಯುತ್ತಿದ್ದ ಮುದುಕನ ಕಡೆಗೆ ನೋಡಿದ. ಆಮೇಲೆ ಕತ್ತರಿಯನ್ನು ಕಂಬಕ್ಕೆ ನೇತುಹಾಕಿ ಇಳಿದು ಹೋದ.

ಡೆಲ್ಫೀನಾ ಅತ್ತಳು. ಅತ್ತಿದ್ದು ಯಾರಿಗೂ ಗೊತ್ತಾಗದಂತೆ ಮುಖ ತೊಳೆದಳು. ಜಂಬದವರ ಅಳು ಹಾಗೇ, ಟವೆಲಿಗೆ ಮಾತ್ರ ಗೊತ್ತು.

ಊರಿಗಂತೂ ಹಬ್ಬ! “ಗಿಡ್ಡ ಕತ್ತರಿ” ಎಂದು ಅವನಿಗೆ ಹೆಸರಿಟ್ಟರು. ಅವನು ಗುಡ್ಡದ ಬುಡದ ಸಹಕಾರಿ ಸಂಘದಲ್ಲಿ ದ್ರಾಕ್ಷಿ ಇಳಿಸುವ, ತೊಟ್ಟಿ ತೊಳೆಯುವ ಕೆಲಸಕ್ಕೆ ಸೇರಿದ. ಭಾನುವಾರ ಇಗರ್ಜಿಯ ಬಾಗಿಲಲ್ಲಿ ಎದುರಾದಾಗ ಡೆಲ್ಫೀನಾ ಗೋಡೆಯ ಸಂತರನ್ನು ನೋಡುತ್ತಿದ್ದಳು. ಅಷ್ಟು ಭಕ್ತಿ ಅವಳಿಗೆ ಅದಕ್ಕೆ ಮೊದಲೂ ಇರಲಿಲ್ಲ, ಆಮೇಲೂ ಬರಲಿಲ್ಲ.

ನೆತ್ತಿಯ ಸಾಲಿಗೆ ಮಾತ್ರ ಅವಳು ಕಾಲಿಡಲಿಲ್ಲ. ಅದಕ್ಕೆ ಔಷಧಿ ಹೊಡೆಯುವುದು, ಕಳೆ ಕೀಳುವುದು ಎಲ್ಲ ಕೋಲೂರಿ ಹತ್ತುವ ಅಪ್ಪನದೇ.

ಅಕ್ಟೋಬರ್ ಬಂತು. ನೆಬ್ಬಿಯೋಲೊ ಕೊಯ್ಲಿನ ಬೆಳಗ್ಗೆ ಪಲ್ಮೀರಾ ಅತ್ತೆ ಒಲೆಯ ಮುಂದೆ ನಿಂತೇ ಸುದ್ದಿ ಎಸೆದಳು.

“ನಿನ್ನ ಗಿಡ್ಡ ಕತ್ತರಿ ಊರು ಬಿಡ್ತಾನಂತೆ. ಇವತ್ತು ಕಡೇ ಲೋಡ್ ಇಳಿಸಿ ಸಂಜೆ ರೈಲಿಗೆ. ವಾಪಸ್ ಬರಲ್ಲವಂತೆ.”

“ನನಗೇನು?”

“ನಿನಗೇನೂ ಇಲ್ಲ. ಅದಕ್ಕೇ ನೀನು ಕಾಫಿಗೆ ಉಪ್ಪು ಹಾಕ್ಕೊಂಡೆ.”

ಡೆಲ್ಫೀನಾ ಲೋಟ ಕುಕ್ಕಿ ಹೊರಗೆ ಹೋದಳು. ಕಾಲುಗಳು ತಾವಾಗಿಯೇ ನೆತ್ತಿಯ ಸಾಲಿಗೆ ಎಳೆದುಕೊಂಡು ಹೋದವು. ‘ಒಂದು ಗೊಂಚಲಾದರೂ ಇರಬಹುದಾ? ಒಂದೇ ಒಂದು...’

ಇರಲಿಲ್ಲ. ಎಲೆಗಳು ಹಳದಿಯಾಗಿ ಉದುರುತ್ತಿದ್ದವು. ಅವಳು ಬುಡದ ಬಳಿ ಕುಸಿದು ಕೂತಳು.

ಆಗ ಕಣ್ಣಿಗೆ ಬಿತ್ತು ಕಟ್ಟು.

ಹಸಿರು ಪ್ಲಾಸ್ಟಿಕ್ ದಾರವಲ್ಲ. ವಿಲೋ ಕಡ್ಡಿ! ಸುತ್ತಿ, ತಿರುಚಿ, ತುದಿಯನ್ನು ಒಳಕ್ಕೆ ತೂರಿಸಿದ ಬಿಗಿಯಾದ ಕಟ್ಟು. ಪಕ್ಕದ ಬಳ್ಳಿಗೂ ಅದೇ. ಅದರಾಚೆಯದಕ್ಕೂ ಅದೇ.

ಈ ಸಾಲನ್ನು ಯಾರು ಸವರುತ್ತಾರೋ ಅವರೇ ಕಟ್ಟುತ್ತಾರೆ. ಕೊಸಿಮೊಗೆ ಈ ಕಟ್ಟು ಇವತ್ತಿಗೂ ಬರುವುದಿಲ್ಲ! ಹಾಗಾದರೆ...

“ಏನಮ್ಮಾ, ಇಲ್ಲಿ ಕೂತಿದ್ದೀಯಾ?”

ಸೆಕೊಂಡೊ ಕೋಲೂರಿಕೊಂಡು ಹತ್ತಿ ಬಂದಿದ್ದ. ಬರಡು ಸಾಲನ್ನು ನೋಡಿ ಹಣೆ ಗಂಟಿಕ್ಕಿದ.

“ಈ ಬಾರ್ಬೆರಾಗೆ ಈ ವರ್ಷ ಏನಾಯ್ತೋ! ಮಂಡಿ ನೋವಲ್ಲೂ ಹತ್ತಿ ಬಂದು ಎಷ್ಟು ಚೆನ್ನಾಗಿ ಗಿಡ್ಡ ಮಾಡಿದ್ದೆ ನಾನು. ಒಂದು ಗೊಂಚಲೂ ಇಲ್ವಲ್ಲ?”

ಡೆಲ್ಫೀನಾ ಕಟ್ಟನ್ನು ಮತ್ತೆ ಮುಟ್ಟಿ ನೋಡಿದಳು.

ಬಾರ್ಬೆರಾ! ಅವಳು ಹುಟ್ಟುವ ಮೊದಲು ಇಲ್ಲಿದ್ದದ್ದು ಬಾರ್ಬೆರಾ. ಅಪ್ಪನೇ ಕಿತ್ತು ಹಾಕಿದ್ದು. ಅಪ್ಪನ ತಲೆಯೊಳಗೆ ಅದು ಮತ್ತೆ ಬೇರು ಬಿಟ್ಟಿದೆ...

“ಅಪ್ಪಾ... ಇದು ನೀವು ನನಗೆ ಅಂತ ನೆಟ್ಟ ಸಾಲಲ್ವಾ?”

ಮುದುಕ ಅವಳನ್ನೇ ನೋಡಿದ. ಕಣ್ಣಲ್ಲಿ ಗಾಬರಿ. “ಹೌದಾ?” ಎಂದ ಮೆಲ್ಲಗೆ. “ಆ ಹುಡುಗನೂ ಅವತ್ತು ಹಾಗೇ ಏನೋ ಹೇಳ್ತಿದ್ದ. ಅಳ್ತಿದ್ದ ಪಾಪ. ಎಲ್ಲಿ ಅವನು? ಊಟಕ್ಕೆ ಬರಲ್ವಾ?”

‘ಅಯ್ಯೋ ಕೊಸಿಮೊ... ನಾನೆಂಥ ಮೂರ್ಖಳೋ!’

ಅಪ್ಪನನ್ನು ಅತ್ತೆಯ ಬಳಿ ಬಿಟ್ಟು, ಡೆಲ್ಫೀನಾ ಟ್ರ್ಯಾಕ್ಟರ್ ಹತ್ತಿದಳು.

ಸಂಘದ ಅಂಗಳದಲ್ಲಿ ಗುಡ್ಡದ ಗೌರವಸ್ಥರೆಲ್ಲ ಸಾಲುಗಟ್ಟಿದ್ದರು. ಒಬ್ಬರ ಲೋಡನ್ನು ಇನ್ನೊಬ್ಬರು ಕಣ್ಣಲ್ಲೇ ತೂಗುತ್ತಾ, ಒಳಗೊಳಗೇ ಉಗಿಯುತ್ತಾ ನಿಂತಿದ್ದರು. ಪಕ್ಕದ ತೋಟದ ಬತಿಸ್ತೀನ್‌ನ ಲೋಡ್ ಇಳಿಸುತ್ತಿದ್ದ ಕೊಸಿಮೊ. ಮೂಲೆಯಲ್ಲಿ ಅವನ ಹಳೇ ಪೆಟ್ಟಿಗೆ ಸಿದ್ಧವಾಗಿತ್ತು.

“ಮೆಲ್ಲಗೆ ಕಣೋ ಗಿಡ್ಡ ಕತ್ತರಿ!” ಬತಿಸ್ತೀನ್ ಅರಚಿದ. “ಇವು ಗೊಂಚಲು! ನೀನು ನೋಡಿರಲ್ಲ, ನೀನು ಕತ್ತರಿಸಿದ್ರೆ ಇವು ಬರಲ್ವಲ್ಲ!”

ಎಲ್ಲರೂ ಹೋ ಎಂದು ನಕ್ಕರು. ಕೊಸಿಮೊ ತಲೆ ತಗ್ಗಿಸಿ ಬುಟ್ಟಿ ಎತ್ತಿದ.

ಡೆಲ್ಫೀನಾ ಅಂಗಳದ ಮಧ್ಯಕ್ಕೆ ಬಂದು ನಿಂತಳು. ನಿಜ ಹೇಳಿದರೆ ಸಂಜೆಯೊಳಗೆ ಅಪ್ಪ ಊರಿನ ಬಾಯಿಗೆ ತುತ್ತಾಗುತ್ತಾನೆ. ಸುಮ್ಮನಿದ್ದರೆ ಕೊಸಿಮೊ ರೈಲು ಹತ್ತುತ್ತಾನೆ.

“ಬತಿಸ್ತೀನ್! ಆ ಸಾಲು ಕತ್ತರಿಸಿದ್ದು ಅವನಲ್ಲ.”

“ಮತ್ತೆ ಯಾರಮ್ಮಾ? ದೆವ್ವಾನಾ?”

“ನಾನು.”

ಎಲ್ಲರೂ ಅವಳತ್ತ ತಿರುಗಿದರು.

“ನೀನಾ? ಸೆಕೊಂಡೊನ ಮಗಳು? ನೆಬ್ಬಿಯೋಲೊನ ಗಿಡ್ಡ ಕತ್ತರಿಸಿದ್ಯಾ?”

“ಹೌದು. ಕತ್ತರಿಸಿದೆ. ಬಾರ್ಬೆರಾ ಅಂದ್ಕೊಂಡೆ. ತಪ್ಪನ್ನ ಅವನ ತಲೆಗೆ ಕಟ್ಟಿದೆ. ನಗಬೇಕಾದ್ರೆ ನನ್ನ ನೋಡಿ ನಗಿ!”

ನಕ್ಕರು! ಬಿಡುತ್ತಾರೆಯೇ? ಬತಿಸ್ತೀನ್ ಹೊಟ್ಟೆ ಹಿಡಿದುಕೊಂಡು ನಕ್ಕ. “ಗಿಡ್ಡ ಕತ್ತರಿಯಮ್ಮ!” ಎಂದು ಯಾರೋ ಕೂಗಿದರು. ಹುಟ್ಟಿದಾಗಿನಿಂದ ಯಾರ ಮುಂದೆಯೂ ತಗ್ಗಿಸದ ತಲೆ ಅದು. ಆ ಮಂದೆಯ ನಗುವಿನ ನಡುವೆ ಡೆಲ್ಫೀನಾ ಅವನೊಬ್ಬನನ್ನೇ ನೋಡುತ್ತಾ ನಿಂತಳು.

ಕೊಸಿಮೊನ ಕೈಯಿಂದ ಬುಟ್ಟಿ ಜಾರಿತು. ನೇರವಾಗಿ ಬಂದು ಅವಳ ಎದುರು ನಿಂತ.

“ಸುಳ್ಳು ಹೇಳೋಕೆ ನಿನಗೆ ಬರಲ್ಲ” ಎಂದ ಪಿಸುದನಿಯಲ್ಲಿ.

“ನಿನಗೆ ವಿಲೋ ಕಟ್ಟೋಕೆ ಬರಲ್ಲ. ಕಟ್ಟು ನೋಡಿದೆ ಇವತ್ತು.” ಅವಳ ಕಣ್ಣು ತುಂಬಿ ಬಂತು. “ನನಗಾದ್ರೂ ಯಾಕೆ ಹೇಳಲಿಲ್ಲ?”

“ಹೇಳಿದ್ರೆ ನೀನು ಏನು ಮಾಡ್ತಿದ್ದೆ? ಅಪ್ಪನ ಕೈಯಿಂದ ಕತ್ತರಿ ಕಿತ್ಕೊಳ್ತಿದ್ದೆ.” ಅವನು ಗುಡ್ಡದ ಕಡೆ ನೋಡಿದ. “ಆ ಕತ್ತರಿ ಹೋದ್ರೆ ಯಜಮಾನ್ರ ಹತ್ರ ಇನ್ನೇನಿದೆ? ನನಗೆ ಕುರ್ಚಿ ಹಾಕಿದ್ದು ಅವರೊಬ್ಬರೇ.”

ನಿಜ. ಕಿತ್ತುಕೊಳ್ಳುತ್ತಿದ್ದಳು. ಅದು ಅವಳಿಗೂ ಗೊತ್ತಿತ್ತು.

“ಕೊಸಿಮೊ... ನಿಮ್ಮ ಪ್ರಿಮಿತಿವೊ ಕೊಯ್ಲಾದ ಮೇಲೂ ಇನ್ನೊಂದು ಸಲ ಬಿಡುತ್ತೆ ಅಂದಿದ್ಯಲ್ಲ, ನಿಜಾನಾ?”

“ನಿಜ. ಗೊಂಚಲು ಚಿಕ್ಕದು. ಆದ್ರೆ ಬಿಡುತ್ತೆ.”

“ಅದನ್ನ ಕೊಯ್ತಾರಾ, ಹಾಗೇ ಬಿಟ್ಟು ಹೋಗ್ತಾರಾ?”

ಅವನು ಮೂಲೆಯಲ್ಲಿದ್ದ ಪೆಟ್ಟಿಗೆಯನ್ನೊಮ್ಮೆ ನೋಡಿದ. ಅವಳನ್ನೊಮ್ಮೆ ನೋಡಿದ.

“ಕೊಯ್ತಾರೆ” ಎಂದ.

ಅವಳು ಅತ್ತಳು, ಈ ಸಲ ಊರೆಲ್ಲ ನೋಡುವಂತೆ! ಅವನು ತನ್ನ ದ್ರಾಕ್ಷಿರಸ ಅಂಟಿದ ಅಂಗೈಯಿಂದಲೇ ಅವಳ ಕೆನ್ನೆ ಒರೆಸಿದ. ಕೆನ್ನೆಯೆಲ್ಲ ಕೆಂಪಾಯಿತು.

“ಪೀಪಾಯಿ ಖಾಲಿ ಇದೆ ಡೆಲ್ಫೀನಾ. ಮದುವೆ ಬರೋ ವರ್ಷಕ್ಕೆ ಇಟ್ಕೊಳ್ಳೋಣ್ವಾ?”

“ಬೇಡ. ಈ ತಿಂಗಳೇ. ಪೀಪಾಯಿ ಕಾಯಲಿ, ನಾನು ಕಾಯಲ್ಲ.” ಅವಳು ಮೂಗೆಳೆದುಕೊಂಡಳು. “ಟ್ರ್ಯಾಕ್ಟರ್ ಹತ್ತು. ಊಟಕ್ಕೆ ಬರಲ್ವಾ ಅಂತ ಅಪ್ಪ ಕೇಳ್ತಿದ್ರು.”

“ಚಳಿಗಾಲದಲ್ಲಿ ನೆತ್ತಿಯ ಸಾಲು ಯಾರು ಮಾಡೋದು?”

“ಅಪ್ಪನೇ. ಕತ್ತರಿ ಅವರ ಕೈಯಲ್ಲೇ ಇರಲಿ. ಪಕ್ಕದಲ್ಲಿ ನೀನು ನಿಂತ್ಕೋ. ಪ್ರತಿ ಬಳ್ಳಿ ಹತ್ರಾನೂ ಮೆಲ್ಲಗೆ ಹೇಳು, ‘ಇದು ನೆಬ್ಬಿಯೋಲೊ ಯಜಮಾನ್ರೇ’ ಅಂತ.”

“ಮತ್ತೆ ಕಟ್ಟೋದು?”

“ಕಟ್ಟೋದು ನಾನು ಕಲಿಸ್ತೀನಿ” ಎಂದಳು, ಅವನ ಬೆರಳಿಗೆ ಬೆರಳು ಹೆಣೆದು. “ಜೀವಮಾನ ಹಿಡಿದ್ರೂ ಪರವಾಗಿಲ್ಲ.”