ಅಜ್ಜಿ ಹೇಳಬೇಡ ಅಂದದ್ದು

"ತಗೋ, ಇವತ್ತು ನೀನೇ ಸುರಿ," ಅಂತ ಇರ್ಮಾ ಅಜ್ಜಿ ಬಿಸಿನೀರಿನ ಫ್ಲಾಸ್ಕನ್ನು ನೊಯೆಲಿಯಾ ಕೈಗಿಟ್ಟರು.

ನೊಯೆಲಿಯಾಗೆ ನಂಬಲಿಕ್ಕೇ ಆಗಲಿಲ್ಲ. ಮೊಂಟೆವಿಡಿಯೊದಲ್ಲಿ ಚಹಾದಂಥ ಮಾಟೆ ಸುರಿಯುವುದೆಂದರೆ ಸಣ್ಣ ಕೆಲಸವೇ? ಸೋರೆಬುರುಡೆಯಲ್ಲಿ ಎಲೆಪುಡಿ ತುಂಬಿ, ಮತ್ತೆ ಮತ್ತೆ ನೀರು ಹಾಕಿ ಎಲ್ಲರಿಗೂ ಸರದಿಯಲ್ಲಿ ಕೊಡುವವರು ಒಬ್ಬರೇ. ಈ ಮನೆಯಲ್ಲಿ ಅದು ಅಜ್ಜಿ. ಅಮ್ಮ ಫ್ಲಾಸ್ಕ್ ಮುಟ್ಟಿದರೂ ಗದರುತ್ತಿದ್ದರು! ತಾನು ದೊಡ್ಡವಳಾದೆ ಅಂತ ನೊಯೆಲಿಯಾ ಬೀಗಿದಳು.

ನೀರು ಸುರಿದು ಬುರುಡೆ ಚಾಚಿದಳು. ಅಜ್ಜಿ ಕಣ್ಣು ಮುಚ್ಚಿ ಮೇಜು ಹಿಡಿದು ಕೂತಿದ್ದರು.

"ಅಜ್ಜೀ, ಏನಾಯ್ತು?"

"ಏನಿಲ್ಲ ಕಣೇ, ಸ್ವಲ್ಪ ತಲೆಸುತ್ತು. ನಿನ್ನೆಯಿಂದ ಹೀಗೇ. ನಿಮ್ಮಮ್ಮಂಗೆ ಹೇಳ್ಬೇಡ, ಮತ್ತೆ ಆಸ್ಪತ್ರೆಗೆ ಎಳ್ಕೊಂಡು ಹೋಗ್ತಾಳೆ. ಪ್ರಾಮಿಸ್ ಮಾಡು."

"ಪ್ರಾಮಿಸ್," ಅಂದುಬಿಟ್ಟಳು.

ಹೋದ ವಾರವಷ್ಟೇ ತೊಡೆಯ ರಕ್ತನಾಳದೊಳಗಿಂದ ಸಣ್ಣ ಕೊಳವೆ ತೂರಿಸಿ ಅಜ್ಜಿಯ ಹೃದಯಕ್ಕೆ ಹೊಸ ಕವಾಟ ಕೂರಿಸಿದ್ದರು. ತಲೆ ಸುತ್ತಿದರೆ ತಕ್ಷಣ ಬನ್ನಿ ಅಂತ ಡಾಕ್ಟರ್ ಹೇಳಿದ್ದು ನೊಯೆಲಿಯಾಗೂ ಗೊತ್ತಿತ್ತು.

ಅವಳು ಕೈಯಲ್ಲಿದ್ದ ಫ್ಲಾಸ್ಕ್ ನೋಡಿದಳು. ಅಜ್ಜಿ ಪ್ರೀತಿಯಿಂದ ಕೊಟ್ಟದ್ದಲ್ಲ ಇದು. ಅವರಿಗೆ ಎತ್ತಲಿಕ್ಕೇ ಆಗುತ್ತಿಲ್ಲ! ಅಡುಗೆಮನೆಗೆ ಓಡಿದಳು.

"ಅಮ್ಮಾ, ಬೇಗ ಬಾ! ಅಜ್ಜಿಗೆ ತಲೆಸುತ್ತು!"

"ಚಾಡಿಕೋರಿ!" ಅಂದರು ಅಜ್ಜಿ. ಆಂಬುಲೆನ್ಸ್ ಹತ್ತುವಾಗಲೂ ಅವಳತ್ತ ತಿರುಗಿ ನೋಡಲಿಲ್ಲ. ನೊಯೆಲಿಯಾಗೆ ಅಳು ಒತ್ತರಿಸಿ ಬಂತು.

"ಹೊಸ ಕವಾಟ ಪಕ್ಕದಲ್ಲಿ ಬಡಿತದ ಸಂಕೇತ ಸಾಗಿಸೋ ತಂತುಗಳನ್ನ ಒತ್ತಿದೆ. ಅದಕ್ಕೇ ಹೃದಯ ತುಂಬಾ ನಿಧಾನವಾಗಿ ಬಡೀತಿದೆ," ಅಂದರು ಡಾಕ್ಟರ್. "ಪೇಸ್‌ಮೇಕರ್ ಹಾಕಿದ್ರೆ ಸರಿಹೋಗುತ್ತೆ. ಬೇಗ ಕರ್ಕೊಂಡು ಬಂದಿದ್ದು ಒಳ್ಳೇದಾಯ್ತು."

ಮಾರನೇ ದಿನ ವಾರ್ಡಿನ ಬಾಗಿಲಿಗೆ ಬರುವಷ್ಟರಲ್ಲೇ ಜೋರು ದನಿ ಕೇಳಿತು.

"ಇದನ್ನ ಸೂಪ್ ಅಂತೀರಾ? ಉಪ್ಪಿಲ್ಲ, ಈರುಳ್ಳಿ ಇಲ್ಲ! ಪಾತ್ರೆ ತೊಳೆದ ನೀರು!"

ನೊಯೆಲಿಯಾಗೆ ಹೋದ ಜೀವ ಬಂದಂತಾಯಿತು. ಬೈಯುವಷ್ಟು ಶಕ್ತಿ ಬಂದಿದೆ!

"ಬಂದ್ಲು ನೋಡಿ ಚಾಡಿಕೋರಿ," ಅಂದರು ಅಜ್ಜಿ. ಆದರೆ ಮಂಚದ ಮೇಲೆ ಜಾಗ ಬಿಟ್ಟರು.

ಅಮ್ಮ ನರ್ಸ್ ಜೊತೆ ಮಾತಾಡಲು ಹೊರಗೆ ಹೋದಾಗ ಅಜ್ಜಿ ಅವಳ ಕಿವಿಯ ಹತ್ತಿರ ಬಗ್ಗಿದರು.

"ನಿನ್ನೆ ಪೇಸ್‌ಮೇಕರ್ ಹಾಕೋಕೆ ಒಳಗೆ ಕರ್ಕೊಂಡು ಹೋಗುವಾಗ ಅತ್ತುಬಿಟ್ಟೆ ಕಣೇ. ತುಂಬಾ ಭಯ ಆಗಿತ್ತು."

ಅಜ್ಜಿ ಅತ್ತಿದ್ದನ್ನು ನೊಯೆಲಿಯಾ ಯಾವತ್ತೂ ನೋಡಿರಲಿಲ್ಲ.

ಅಮ್ಮ ಒಳಗೆ ಬಂದಳು. "ಏನದು ಗುಸುಗುಸು?"

"ಸೂಪ್ ಚೆನ್ನಾಗಿಲ್ವಂತೆ," ಅಂದಳು ನೊಯೆಲಿಯಾ, ಹೊದಿಕೆಯ ಕೆಳಗೆ ಅಜ್ಜಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು.