ಕುಂಕುಮದ ಕೆಳಗಿನ ಕಬ್ಬಿಣ

ಯಂತ್ರದ ತೋಳು ಬಾನೆಟ್ಟನ್ನು ತಾನೇ ಎತ್ತಿತು. ಅದರ ತುದಿಯಿಂದ ಮೂರು ಉಕ್ಕಿನ ಬೆರಳುಗಳು ಇಳಿದು ಎಂಜಿನ್ನಿನ ಮೇಲೆ ಮೆಲ್ಲಗೆ ಕೂತವು. ಮನುಷ್ಯರ ಕಿವಿಗೆ ಎಟುಕದ ಸಣ್ಣ ಸದ್ದೊಂದನ್ನು ಲೋಹದೊಳಗೆ ಕಳಿಸಿ, ಅದು ಸುತ್ತಾಡಿ ಹಿಂತಿರುಗುವುದನ್ನು ಕಾಯುವುದು ಆ ಬೆರಳುಗಳ ಕೆಲಸ. ಒಳಗೆ ಕೂದಲೆಳೆಯಷ್ಟು ಬಿರುಕಿದ್ದರೂ ಸದ್ದು ಬೇರೆಯಾಗಿ ಬರುತ್ತದೆ. ಸಂತೆಯಲ್ಲಿ ಗಡಿಗೆ ಕೊಳ್ಳುವವರು ಬೆರಳು ಮಡಿಚಿ ಬಡಿದು ನೋಡುವುದಿಲ್ಲವೇ, ಹಾಗೆಯೇ. ಹಸಿರು ದೀಪ ಹತ್ತಿದರೆ ಗಾಡಿ ಮುಂದಿನ ಗೇಟಿನಿಂದ ರಸ್ತೆಗೆ. ಕೆಂಪು ಹತ್ತಿದರೆ ಹಿಂದಿನ ಗೇಟಿನಿಂದ ಗುಜರಿಗೆ.

ಕಾಗದದಲ್ಲಿ ಇದರ ಹೆಸರು ಸ್ವನಮಾಪಕ. ಹುಬ್ಬಳ್ಳಿಯ ಜನ ಅಷ್ಟುದ್ದ ಹೆಸರಿಗೆಲ್ಲ ಬಾಯಿ ತೆರೆಯುವವರಲ್ಲ, 'ಕಿವಿ' ಎಂದರು. ಆ ಕಿವಿ ಬಂದು ಹತ್ತು ವರ್ಷ ತುಂಬಿದ್ದಕ್ಕೆ ಊರ ಹೊರಗಿನ ತಪಾಸಣಾ ಅಂಗಳದಲ್ಲಿ ಅಂದು ಸಮಾರಂಭ. ಅದನ್ನು ಕಂಡುಹಿಡಿದ ಡಾ. ಪಲ್ಲವಿ ಬಾಳಿಕಾಯಿಯವರಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟರು. ಪಲ್ಲವಿ ಧಾರವಾಡದವರೇ. ತಪಾಸಣೆಯಲ್ಲಿ ಮನುಷ್ಯರ ಕೈ ತಾಗಿದರೆ ಲಂಚಕ್ಕೆ ದಾರಿ ಎಂದು ಎಲ್ಲವನ್ನೂ ಯಂತ್ರಕ್ಕೇ ಬಿಟ್ಟಿದ್ದರು. ಆ ಬಗ್ಗೆ ಅವರಿಗೆ ಹೆಮ್ಮೆ ಇತ್ತು, ಇರಬೇಕಾದದ್ದೇ.

"ಹಳೆಯ ಗಾಡಿ ನಂಬಿಕಸ್ತ ಅಂತ ನಮ್ಮ ಹಿರಿಯರು ಹೇಳುತ್ತಿದ್ದರು," ಎಂದು ಅವರು ಮೈಕಿನಲ್ಲಿ ಹೇಳಿದರು. "ಅದು ಪ್ರೀತಿಯ ಮಾತು, ವಿಜ್ಞಾನದ ಮಾತಲ್ಲ. ಹೊರಗೆ ಎಷ್ಟೇ ಹೊಳೆದರೂ ಹಳೆಯ ಗಾಡಿಗಳಲ್ಲಿ ಹೆಚ್ಚಿನವು ಒಳಗೆ ಸತ್ತಿರುತ್ತವೆ. ಹತ್ತು ವರ್ಷಗಳಿಂದ ಕಿವಿ ಇದನ್ನೇ ಹೇಳುತ್ತಿದೆ."

ಚಪ್ಪಾಳೆ ಮುಗಿಯುವ ಹೊತ್ತಿಗೆ ಸಾಲಿನಲ್ಲಿದ್ದ ಬಿಳಿ ವ್ಯಾನೊಂದಕ್ಕೆ ಕೆಂಪು ದೀಪ ಹತ್ತಿತು.

ದಸರೆ ಮುಗಿದು ಎರಡು ದಿನವಾಗಿತ್ತಷ್ಟೆ. ವ್ಯಾನಿನ ಮೂತಿಗೆ ಕಟ್ಟಿದ ಚೆಂಡುಹೂವು ಇನ್ನೂ ಪೂರ್ತಿ ಬಾಡಿರಲಿಲ್ಲ. ಅದರ ಒಡತಿ ದ್ಯಾಮವ್ವ ಕಟ್ಟೀಮನಿ ಕಿರುಚಲಿಲ್ಲ, ಅಳಲಿಲ್ಲ. ಇಳಿದು ಬಂದು ಗಾಡಿಯ ಮುಂದೆ, ಸಿಮೆಂಟಿನ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು. ಮೂತ್ರಪಿಂಡ ಸೋತವರನ್ನು ನವಲಗುಂದದ ಕಡೆಯ ಹಳ್ಳಿಗಳಿಂದ ಹುಬ್ಬಳ್ಳಿಗೆ ಡಯಾಲಿಸಿಸ್‌ಗೆ ಕರೆತರುವುದು ಅವಳ ಕಸುಬು. ಗಾಡಿ ಹೋದರೆ ಅವಳ ಕಸುಬು ಹೋಗುತ್ತದೆ. ನಾಳೆ ಬೆಳಿಗ್ಗೆ ರಸ್ತೆಗೆ ಬಂದು ಕಾಯುವವರ ರಕ್ತ ತೊಳೆಯುವುದೂ ನಿಲ್ಲುತ್ತದೆ.

"ಏಳವ್ವಾ, ದೊಡ್ಡೋರು ಬಂದಾರ, ಗದ್ಲ ಮಾಡಬ್ಯಾಡ," ಎಂದ ಅಂಗಳದ ಅಧಿಕಾರಿ ಹಲಗಲಿ.

"ನಾ ಎಲ್ಲಿ ಗದ್ಲ ಮಾಡೀನ್ರಿ? ಕುಂತೀನಿ," ಎಂದಳು ದ್ಯಾಮವ್ವ. "ಸತ್ತೈತಿ ಅಂತೀರಿ. ಸತ್ತದ್ದು ನಿನ್ನಿ ಐದು ಮಂದೀನ ದವಾಖಾನಿಗೆ ಹೊತಗೊಂಡು ಬಂದೈತಿ. ಹೆಂಗ ಸತ್ತೈತಿ, ಎಲ್ಲಿ ಸತ್ತೈತಿ, ಒಬ್ರರ ತೋರಸ್ರಿ. ಆಮ್ಯಾಗ ನಾನ ದೂಡಿ ಕೊಡ್ತೀನಿ."

ಪಲ್ಲವಿ ವೇದಿಕೆಯಿಂದ ಇಳಿದು ಬಂದರು. ತಿಳಿಯದವರಿಗೆ ತಿಳಿಸಿ ಹೇಳುವುದು ಅವರಿಗೆ ಇಷ್ಟದ ಕೆಲಸ. "ಬನ್ನಿ, ನಾನೇ ತೋರಿಸುತ್ತೇನೆ" ಎಂದು ಬೆರಳುಗಳು ಕೂತಿದ್ದ ಜಾಗದ ಮೇಲೆ ತಮ್ಮ ಕೈಯಿಟ್ಟರು. ಕೈಗೆ ಕಬ್ಬಿಣ ತಾಗಲಿಲ್ಲ. ಹಳೆಯ ಅರಗಿನಂಥ ಏನೋ ತಾಗಿತು, ಉಗುರು ಒತ್ತಿದರೆ ಒಳಗಿಳಿಯುವಷ್ಟು ದಪ್ಪ, ಕಪ್ಪುಗೆಂಪು.

"ಏನಿದು?"

"ಪೂಜಿ ಮಾಡಿದ್ದ್ರಿ. ಗಾಡಿ ಮನೀಗೆ ಬಂದಾಗಿಂದ ಪ್ರತಿ ಖಂಡೇನವಮಿಗೂ ಎಣ್ಣಿ, ಅರಿಷಿಣ, ಕುಂಕುಮ, ವಿಭೂತಿ. ಮೈಯೆಲ್ಲಾ ತೊಳೀತೀವಿ, ಅದೊಂದು ಜಾಗಾ ತೊಳ್ಯೂದಿಲ್ಲ. ಹಚ್ಚಿದ ಕುಂಕುಮ ಒರಸ್ತಾರೇನ್ರಿ ಯಾರರ?"

ಪಲ್ಲವಿಯ ಕೈ ಅಲ್ಲೇ ನಿಂತಿತು.

ಆಯುಧಪೂಜೆಯನ್ನು ನಮ್ಮ ಕಡೆ ಖಂಡೇನವಮಿ ಎನ್ನುತ್ತಾರೆ, ಅದನ್ನು ಪಲ್ಲವಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅಪ್ಪನ ಮೋಟಾರ್‌ಸೈಕಲ್ಲಿಗೆ ಎಣ್ಣೆಯಲ್ಲಿ ಕಲಸಿದ ಕುಂಕುಮ ಹಚ್ಚುವ ಕೆಲಸ ಮನೆಯಲ್ಲಿ ಅವರದೇ ಆಗಿತ್ತು. ಹೋದ ವರ್ಷದ್ದರ ಮೇಲೆ ಈ ವರ್ಷದ್ದು. ಎಂಜಿನ್ನಿನ ಕಾವಿಗೆ ಅದು ಬೆಂದು ಗಟ್ಟಿಯಾಗುವುದನ್ನು ಅವರು ಮುಟ್ಟಿ ನೋಡಿದ್ದರು. ಹಚ್ಚುವುದಕ್ಕೆ ಎಲ್ಲಕ್ಕಿಂತ ಅನುಕೂಲವಾದ ಚಪ್ಪಟೆ ಜಾಗ ಯಾವುದೋ, ಯಂತ್ರದ ಬೆರಳು ಕೂರಿಸಲಿಕ್ಕೂ ಅದೇ ಅನುಕೂಲ ಎಂದು ಮುಂದೆ ಲೆಕ್ಕ ಹಾಕಿ ಆರಿಸಿದವರೂ ಅವರೇ.

"ಸ್ವಲ್ಪ ಕೆರೆಯಲೇ?" ಎಂದು ಕೇಳಿದರು.

ದ್ಯಾಮವ್ವ ಎದ್ದು ಬಂದು, ಗಾಡಿಗೆ ಕೈ ಮುಗಿದು, ಕೀಲಿಯಿಂದ ತಾನೇ ಕೆರೆದಳು. ಉದುರಿದ ಪುಡಿಯನ್ನು ನೆಲಕ್ಕೆ ಬೀಳಗೊಡದೆ ಸೆರಗಿನ ತುದಿಯಲ್ಲಿ ಕಟ್ಟಿಕೊಂಡಳು. ಕೆಳಗೆ ಕಬ್ಬಿಣ ಬೆಳ್ಳಗೆ ಕಂಡಿತು. ಬೆರಳುಗಳು ಮತ್ತೆ ಇಳಿದವು.

ಹಸಿರು. ಒಂದೇ ಒಂದು ಬಿರುಕೂ ಇಲ್ಲ.

"ಆಗಲಿ, ಒಂದು ಗಾಡಿ ತಪ್ಪಿರಬಹುದು ಮೇಡಂ," ಎಂದು ಹಲಗಲಿ ನಗಲು ನೋಡಿದ. "ಇವರದನ್ನ ಪಾಸ್ ಮಾಡಿ ಬಿಡೋಣ. ಊಟಕ್ಕ ಎಲಿ ಹಾಕ್ಯಾರ."

ಪಲ್ಲವಿಗೆ ಅದು ಕೇಳಿಸಲಿಲ್ಲ. ಪ್ರಯೋಗಶಾಲೆಯಲ್ಲಿ ಅವರು ಯಂತ್ರಕ್ಕೆ ಪಾಠ ಹೇಳಿದ್ದು ಪರದೇಶದಿಂದ ತರಿಸಿದ ಎಂಜಿನ್ನುಗಳ ಮೇಲೆ. ಅವಕ್ಕೆ ಯಾರೂ ಒಂದು ಹೂವು ಏರಿಸಿರಲಿಲ್ಲ. ಅಲ್ಲಿ ಕೂತು ಅವರು ಒಂದು ನಿಯಮ ಬರೆದಿದ್ದರು: ಸದ್ದು ಹಿಂತಿರುಗದಿದ್ದರೆ ಲೋಹ ಸತ್ತಿದೆ ಎಂದೇ ತಿಳಿಯತಕ್ಕದ್ದು. ಇಲ್ಲಿ ಕುಂಕುಮದ ಪದರವೇ ಸದ್ದನ್ನು ನುಂಗಿತ್ತು. ಕೌದಿ ಹೊದ್ದು ಮಲಗಿದವರನ್ನು ಪಿಸುಮಾತಿನಲ್ಲಿ ಕರೆದು, ಓಗೊಡಲಿಲ್ಲ ಎಂದು ಮಸಣಕ್ಕೆ ಒಯ್ದಂತಾಗಿತ್ತು. ಹಾಗಾದರೆ ಇಷ್ಟು ವರ್ಷ ಕೆಂಪು ಹತ್ತಿದ್ದು ಯಾರ ಗಾಡಿಗಳಿಗೆ? ಒಂದು ವರ್ಷವೂ ಪೂಜೆ ತಪ್ಪಿಸದವರ ಗಾಡಿಗಳಿಗೆ. ಹೊತ್ತಿಗೆ ಸರಿಯಾಗಿ ಎಣ್ಣೆ ಬದಲಿಸುವವರು, ಸಣ್ಣ ಕುಟುಕುಟು ಕೇಳಿದರೂ ಗ್ಯಾರೇಜಿಗೆ ಓಡುವವರು ಸಾಮಾನ್ಯವಾಗಿ ಅವರೇ. ಹೇಳಕೇಳುವವರಿಲ್ಲದೆ ಬಿದ್ದ ಗಾಡಿಗಳು ಸಲೀಸಾಗಿ ಪಾಸಾಗಿ ಹೋಗಿದ್ದವು. ಹಳೆಯದೆಲ್ಲ ಸತ್ತದ್ದು ಎಂಬ ಮಾತು ನಿಂತದ್ದು ಈ ಲೆಕ್ಕದ ಮೇಲೆ.

ನಾಚಿಕೆ ಎಂದರೆ ಏನೆಂದು ಪಲ್ಲವಿಗೆ ಅದುವರೆಗೆ ತಿಳಿದಿರಲಿಲ್ಲ. ಹೆಗಲ ಮೇಲಿನ ಶಾಲು ಮೈ ಸುಡುತ್ತಿತ್ತು. ಗೊತ್ತಿಲ್ಲದೆ ತಪ್ಪಿದ್ದರೆ ಒಂದು ಮಾತು; ಅವರಿಗೆ ಗೊತ್ತಿತ್ತು, ಪ್ರಯೋಗಶಾಲೆಯ ಕೋಟು ತೊಟ್ಟ ಮೇಲೆ ಮರೆತಿದ್ದರು.

"ಹಂಗಾರ ನಮ್ಮ ತಮ್ಮನ ಗಾಡಿ?" ಎಂದಳು ದ್ಯಾಮವ್ವ, ತಡೆದು ತಡೆದು. "ಹೋದ ವರ್ಷ ಇಲ್ಲೇ ಜಜ್ಜಿದ್ರಿ. ಅವನೂ ನನ್ನಂಗ ಪೂಜಿ ಮಾಡಾಂವ. ಅದು ಕೆಟ್ರ ನಮ್ಮೂರ ಮೌಲಾಲಿ ಒಂದು ಪಾನಾ ಹಿಡಕೊಂಡು ಬಂದು ಸಂಜೀಕ ಸರಿ ಮಾಡಿ ಹೋಗ್ತಿದ್ದ. ಈಗ ಹೊಸಾದು ತಗೊಂಡಾನ. ಒಳಗ ಒಂದು ಪೆಟ್ಟಿಗಿ ಕೆಟ್ಟೈತಂತ. ಬಿಚ್ಚಾಕ ಬರೂದಿಲ್ಲಂತ, ಇಡೀ ಪೆಟ್ಟಿಗೀನ ಬದಲ ಮಾಡಬೇಕಂತ. ಅರ್ಧಾ ಗಾಡಿ ರೊಕ್ಕ ಕೇಳ್ತಾರ. ಮನಿ ಮುಂದ ನಿಲ್ಲಿಸ್ಯಾನ. ಕೋಳಿ ಕುಂದ್ರತಾವ ಅದರ ಮ್ಯಾಲ."

ಪಲ್ಲವಿ ವೇದಿಕೆಗೆ ಹೋಗಿ ಶಾಲು ತೆಗೆದು ಕುರ್ಚಿಯ ಮೇಲಿಟ್ಟರು. "ಮೇಡಂ, ಹತ್ತು ವರ್ಷದ ಹೆಸರು ರೀ, ಯೋಚನೆ ಮಾಡ್ರಿ," ಎಂದು ಹಲಗಲಿ ಹಿಂದೆಯೇ ಓಡಿಬಂದ. ಅವರು ಮೈಕನ್ನು ಹತ್ತಿರಕ್ಕೆ ಎಳೆದುಕೊಂಡರು. ಈ ಸಲ ಬಾಯಿಗೆ ಬಂದದ್ದು ಮನೆಯ ಮಾತು.

"ಆಗ ನಾ ಹೇಳಿದ್ದು ತಪ್ಪು. ನಿಮ್ಮ ಗಾಡಿ ಸತ್ತಿರಲಿಲ್ಲ. ನನಗ ಕೇಳಿಸಿರಲಿಲ್ಲ, ಅಷ್ಟ. ಎರಡೂ ಒಂದ ಅಂತ ಬರದಾಕಿ ನಾನು. ಇವತ್ತಿಂದ ಈ ಯಂತ್ರ ಬಂದ್. ಹೋದ ಗಾಡಿ ತಂದು ಕೊಡಾಕ ನನ್ನ ಕೈಲಿ ಆಗೂದಿಲ್ಲ."

ಚಪ್ಪಾಳೆ ಬರಲಿಲ್ಲ. ಸಾಲಿನಲ್ಲಿ ನಿಂತವರು ಹಿಂದಿನ ಗೇಟಿನ ಕಡೆ ನೋಡುತ್ತಿದ್ದರು. ಅಲ್ಲಿ ಬೆಳಗಿನಿಂದ ಜಜ್ಜಿ ಪೇರಿಸಿದ ಕಬ್ಬಿಣದ ಗಟ್ಟಿಗಳ ನಡುವೆ ಅಲ್ಲಲ್ಲಿ ಚೆಂಡುಹೂವು ಸಿಕ್ಕಿಕೊಂಡಿತ್ತು.

ಕೆಳಗಿಳಿದ ಪಲ್ಲವಿಯ ಕೈಗೆ ದ್ಯಾಮವ್ವ ನಾಲ್ಕು ಬನ್ನಿ ಎಲೆ ಹಾಕಿದಳು. ದಸರೆಯ ಬನ್ನಿ, ಅದನ್ನು ಕೊಟ್ಟು, ಬಂಗಾರದಂಗ ಇರೂಣು ಎಂದು ಹಳೆಯ ಮುನಿಸು ಮರೆಯುವುದು ರೂಢಿ. ದ್ಯಾಮವ್ವ ಆ ಮಾತು ಆಡಲಿಲ್ಲ.

"ನೀವು ಬನ್ನಿ ಕೊಡಬೇಕಾದ್ದು ನನಗಲ್ರಿ. ನನ್ನ ಗಾಡಿ ಉಳೀತು. ಇದನ್ನ ಒಯ್ದು ನಮ್ಮ ತಮ್ಮಗ ನೀವ ಕೊಡ್ರಿ, ನೀವ ಹೇಳ್ರಿ. ಹತ್ರಿ ಗಾಡಿ."

ಪಲ್ಲವಿ ಹತ್ತಿದರು. ಒಮ್ಮೆ ಕೀಲಿ ತಿರುವಿದ್ದಕ್ಕೇ ವ್ಯಾನು ಹೊರಟಿತು. ಇದೆಲ್ಲ ನಡೆಯುವುದು ಇನ್ನೂ ಎಷ್ಟೋ ವರ್ಷಗಳ ಮುಂದೆ. ಈ ಕತೆ ಓದುವವರಲ್ಲಿ ಯಾರೋ ಒಬ್ಬರು ಬರುವ ವರ್ಷ ಹೊಚ್ಚ ಹೊಸದಾಗಿ ಷೋರೂಮಿನಿಂದ ಹೊರಡಿಸಿ, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು ಹಾಯಿಸಿ, ಆರತಿ ಮಾಡಿ ಮನೆಗೆ ಕರೆದುಕೊಳ್ಳುತ್ತಾರಲ್ಲ, ಅದೇ ವ್ಯಾನು ಇದು, ಹಳೆಯದಾಗಿ.

ಊರು ಮುಟ್ಟಿದಾಗ ತಮ್ಮ ಯಲ್ಲಪ್ಪ ಹೊಸ ಗಾಡಿಯ ಮೇಲಿಂದ ಕೋಳಿ ಓಡಿಸುತ್ತಿದ್ದ. ಪಲ್ಲವಿ ನಿಂತಲ್ಲೇ ಎಲ್ಲವನ್ನೂ ಹೇಳಿದರು, ಏನನ್ನೂ ಮುಚ್ಚಲಿಲ್ಲ. ಬನ್ನಿಯನ್ನು ಮುಂದೆ ಹಿಡಿದರು. ಅವನು ಸಿಟ್ಟಾಗಲಿಲ್ಲ. ಅವರ ಅಂಗೈಯನ್ನೂ, ಅದರ ಮೇಲಿನ ಎಲೆಗಳನ್ನೂ ನೋಡಿದ.

"ಒಮ್ಮೆ ಒರಸಿ ನೋಡಬೇಕಿತ್ತಲ್ರೀ ಅಕ್ಕಾರ," ಎಂದ.

ಅವನು ಬನ್ನಿ ತೆಗೆದುಕೊಳ್ಳುತ್ತಾನೋ ಇಲ್ಲವೋ ತಿಳಿಯದೆ ಪಲ್ಲವಿ ಕೈ ಚಾಚಿಕೊಂಡೇ ನಿಂತಿದ್ದರು.